ಮೂರಕ್ಕೂ ನಾಲ್ಕಕ್ಕೂ ನಡುವೆ

ಹನ್ನೊಂದು ನಿಮಿಷಕ್ಕೊಂದು ಸಲ
ಅವನು ಕೆಮ್ಮುತ್ತಾನೆ.

ದುದ್ದದಿಂದ ಹಾಸನ, ಅಲ್ಲಿಳಿದು
ಬೇಲೂರು ರಸ್ತೆಯ ಇನ್ನೊಂದು ಬಸ್ಸು ಹತ್ತಿ
ನಾನು ಬಟ್ಟೆ ಕೌಂಟರಿನ ಶಟರ್ ಎತ್ತುವಷ್ಟರಲ್ಲಿ
ಮೇಲಿನ ರೂಮಿನಲ್ಲಿ ನಾಗೇಂದ್ರಪ್ಪ ಸ್ವಿಚ್ ಒತ್ತಿರುತ್ತಾನೆ.
ಕಂಬ ಕಂಬಕ್ಕೂ ಕಟ್ಟಿದ ಡಬ್ಬಿಗಳು,
ಹುಲ್ಲಿನಲ್ಲಿ ಕೂತ ಸಿಮೆಂಟಿನ ಅಣಬೆಗಳು
ಒಟ್ಟಿಗೇ ಶುರು ಹಚ್ಚುತ್ತವೆ.
ಹಾಡಲ್ಲ ಅದು, ಹಾಡಾದರೆ ಮಾತಿರುತ್ತದೆ.
ಕೀಬೋರ್ಡಿನ ನಾಲ್ಕು ಟ್ಯೂನು:
ಒಂದು ಕುಣಿಯುವುದು,
ಒಂದು ಕುಣಿದು ಸುಸ್ತಾದದ್ದು,
ಒಂದರಲ್ಲಿ ಕೋಗಿಲೆ ಇದೆ,
ಇನ್ನೊಂದು ಯಾಕಿದೆಯೋ ಗೊತ್ತಿಲ್ಲ.

ಕೋಗಿಲೆ ಮುಗಿದು
ಆ ಗೊತ್ತಿಲ್ಲದ್ದು ಹಿಡಿಯುವ ಸಂದಿನಲ್ಲಿ
ಕೆಮ್ಮು.
ಒಂದೇ ಒಂದು. ಬಾಯಿಗೆ ಕೈ ಅಡ್ಡ ಹಿಡಿದದ್ದು.
ತಪ್ಪಾಯಿತೆಂದು ಅರ್ಧಕ್ಕೇ ನುಂಗಿದ್ದು.

ನೀರು ಕಾಯುವ ಇಲಿಯಾಸನನ್ನು ಕೇಳಿದೆ.
ಎಲ್ಲಕ್ಕಾ, ನನ್ನ ಕಿವೀಲಿ ಬರೀ ಸೀಟಿ, ಅಂದ.
ಬೇಲೂರು ನೋಡಿಕೊಂಡು ಬಂದ ಸ್ಕೂಲು ಮಕ್ಕಳು
ಜಾರುಬಂಡೆಯ ಬಾಯಿಂದ ಒಂದೇ ಸಮ ಉದುರುತ್ತಿದ್ದರು.
ಅವರನ್ನೇನು ಕೇಳುವುದು.

ಎಕ್ಸೆಲ್ ಇಲ್ವಾ? ಇದು ಒದ್ದೆ ಇದೆ.
ಇದನ್ನ ಯಾರ್ಯಾರು ಹಾಕಿದ್ರೋ ಏನೋ.
ತೊಳೆದಿದೆ ಮೇಡಂ, ಡೆಟಾಲ್ ಹಾಕಿ ತೊಳೆದಿದೆ.
ದಿನಕ್ಕೆಷ್ಟು ಸಲ ಹೇಳುತ್ತೇನೋ,
ನನ್ನನ್ನೂ ಯಾರೋ
ಪೆನ್‌ಡ್ರೈವಿಗೆ ತುಂಬಿಸಿಟ್ಟ ಹಾಗೆ.

ಗಡಿಯಾರ ನೋಡುವುದು ಬಿಟ್ಟು ಮೂರು ಬೇಸಿಗೆಯಾಯಿತು.
ಹದಿನೈದನೇ ಕೆಮ್ಮಿಗೆ ಊಟದ ಡಬ್ಬಿ,
ಮೂವತ್ತಕ್ಕೆ ಟೀ,
ನಲವತ್ತಮೂರಕ್ಕೆ ಒದ್ದೆ ನೋಟು ಬಿಡಿಸಿ ಎಣಿಸಿ ಶಟರ್.
ಒಂದು ದಿನ ಅಡ್ವಾನ್ಸ್ ಲೆಕ್ಕದ ಕ್ಯಾಲ್ಕುಲೇಟರಿನಲ್ಲೇ ಒತ್ತಿ ನೋಡಿದೆ:
ತಿಂಗಳಿಗೆ ಸಾವಿರದ ನೂರ ಹದಿನೆಂಟು.
ಕಟ್ಟಿಕೊಂಡವನ ಕೆಮ್ಮನ್ನೂ ನಾನಿಷ್ಟು ಎಣಿಸಿದವಳಲ್ಲ.
ಡಿಸೆಂಬರಿನ ಒಂದು ಸೋಮವಾರ, ಗಿರಾಕಿಗಳಿಲ್ಲ,
ಇನ್ನೂ ವಾಸಿಯಾಗಲಿಲ್ಲವಲ್ಲ ಇವನಿಗೆ
ಎಂದುಕೊಂಡು ನನಗೇ ನಗು ಬಂತು.

ಯಾರೋ ಏನೋ. ಬಾಡಿಗೆ ರೂಮು ಇರಬೇಕು.
ಆಟೋ ಸದ್ದು ಬರಬಾರದೆಂದು ಕಿಟಕಿಗೆ ಕಂಬಳಿ,
ಫ್ಯಾನೂ ನಿಲ್ಲಿಸಿ ಬೆನ್ನೆಲ್ಲ ಬೆವರು.
ಸಂಜೆಯೊಳಗೆ ಕೊಡಬೇಕೆಂದು ಫೋನು ಬಂದಿರಬೇಕು.
ಕೋಗಿಲೆ ಒತ್ತಿದ, ಬೆರಳೆತ್ತಿದ, ತಡೆಯಲಾಗಲಿಲ್ಲ.
ಆಮೇಲೆ ಹಾಕಿ ನೋಡಿರುತ್ತಾನೆ, ಕೇಳಿಸಿಯೂ ಇರುತ್ತದೆ.
ಬಿಡು, ಇದನ್ನೆಲ್ಲ ಯಾರು ಕೇಳ್ತಾರೆ
ಅಂದಿರುತ್ತಾನೆ.

ಕೇಳಿದೆ ಕಣಯ್ಯ.

ಹೋದ ಮಂಗಳವಾರ
ಹತ್ತಾಯಿತು, ಹತ್ತೂವರೆಯಾಯಿತು, ಕೆಮ್ಮಿಲ್ಲ.
ಹೊಸದು, ಅಂದ ನಾಗೇಂದ್ರಪ್ಪ. ಆರು ಟ್ಯೂನು, ಕ್ಲೀನಾಗಿದೆ.
ಹಳೆಯದು?
ಅದರಲ್ಲಿ ಭಾವಮೈದನ ಮದುವೆ ಫೋಟೊ ತುಂಬಿದೆ, ಯಾಕೆ?
ಯಾಕೂ ಇಲ್ಲ, ಅಂದೆ.
ಆ ದಿನ ಊಟ ಮಾಡಿದಾಗ ಮೂರೂವರೆ.

ಆದರೂ ಕೈ ನಿಲ್ಲುತ್ತದೆ.
ಚಿಲ್ಲರೆ ಎಣಿಸುತ್ತ, ಲಾಕರಿನ ಬೀಗದ ಕೈ ಕೊಡುತ್ತ,
ಎಲ್ಲೋ ಒಂದು ಕಡೆ, ಒಂದು ಚಿಟಿಕೆಯಷ್ಟು.
ಮೇಡಂ, ನೂರೈವತ್ತು ವಾಪಸ್ ಬರ್ಬೇಕು, ಅನ್ನುತ್ತಾರೆ.
ಬಸ್ಸಿನಲ್ಲಿ ಹಿಂದಿನ ಸೀಟಿನ ಯಾರೋ ಕೆಮ್ಮಿದರು.
ಆಧಾರ್ ಕೈಯಲ್ಲೇ ಹಿಡಿದು
ನಾಲ್ಕನೆಯದು ಶುರುವಾಗಲೆಂದು ಕಾದೆ.
ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ.

ಇವತ್ತು ಭಾನುವಾರ, ಅರಸೀಕೆರೆಯದೊಂದು ದೊಡ್ಡ ಸಂಸಾರ,
ಕೌಂಟರಿನ ಮೇಲೆ ಹನ್ನೆರಡು ಜೊತೆ ಬಟ್ಟೆ.
ಹೊಸ ಟ್ಯೂನೊಂದು ಮುಗಿಯಿತು.
ಇನ್ನೊಂದು ಹಿಡಿಯುವ ಮೊದಲು
ಬಾಯಿಗೆ ಕೈ ಅಡ್ಡ ಹಿಡಿದು
ನಾನೇ ಕೆಮ್ಮಿದೆ.
ಒಂದೇ. ಅರ್ಧಕ್ಕೆ ನುಂಗಿದೆ.

ಆ ಹೆಂಗಸು ಬಟ್ಟೆ ಹಿಡಿದ ಕೈ ಹಿಂದಕ್ಕೆ ಎಳೆದುಕೊಂಡಳು.
ಇದು ತೊಳೆದಿದೆ ತಾನೇ?
ತೊಳೆದಿದೆ ಮೇಡಂ.